ಜನರೇಟರ್‌ಗೆ ಗ್ಯಾಸ್: ಎಂಜಿನ್ ಎಳೆದಾಗ ಮಾತ್ರ ಬರಬೇಕು

[ದೃಶ್ಯ: ಅಂಗೈಯಲ್ಲಿ ಕಾರ್ಬ್ಯುರೇಟರ್‌ನ ಪುಟ್ಟ ಹಿತ್ತಾಳೆ ಜೆಟ್]

ನಮಸ್ಕಾರ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಕಾರ್ಬ್ಯುರೇಟರ್. ಅದರಲ್ಲಿ ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತುಂಡು ಈ ಜೆಟ್. ಇದನ್ನು ಬೆಳಕಿಗೆ ಹಿಡಿದರೆ ನಡುವಿನ ತೂತಿನಿಂದ ಬೆಳಕು ಕಾಣಬೇಕು. ಕಾಣುತ್ತಿಲ್ಲ. ಕಂದು ಅಂಟು ಕುಳಿತಿದೆ. ಬೇಸಿಗೆಯಲ್ಲಿ ತುಂಬಿಸಿದ ಪೆಟ್ರೋಲ್ ಹಾಗೆಯೇ ಉಳಿದು ಹಳತಾಗಿ, ಆಷಾಢದ ಮಳೆಗೆ ಕರೆಂಟ್ ಹೋದ ರಾತ್ರಿಯೇ ನಮ್ಮ ಮನೆಯ ಜನರೇಟರ್ ಕೈಕೊಟ್ಟಿತು. ಹಗ್ಗ ಎಳೆದೆಳೆದು ರಟ್ಟೆ ಸೋತಿತು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೇರೆ ಇರುತ್ತದೆ, ಅದು ತೇವ ಹೀರುತ್ತದೆ. ಮಲೆನಾಡಿನಲ್ಲಿ ತೇವಕ್ಕೇನು ಬರವೇ?

ಸಿಲಿಂಡರಿನೊಳಗಿನ ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣ, ಹೀಗೆ ಕೆಡುವುದಿಲ್ಲ. ಪೆಟ್ರೋಲ್ ಎಂಜಿನ್ ಇದನ್ನೂ ಉರಿಸಬಲ್ಲದು. ಪಿಸ್ಟನ್, ಸ್ಪಾರ್ಕ್ ಪ್ಲಗ್ ಅವೇ ಸಾಕು. ಬದಲಾಗಬೇಕಾದದ್ದು ಇಂಧನ ಒಳಹೋಗುವ ದಾರಿ.

[ದೃಶ್ಯ: ಬಿಚ್ಚಿಟ್ಟ ಡಿಮಾಂಡ್ ರೆಗ್ಯುಲೇಟರ್, ರಬ್ಬರ್ ಡಯಾಫ್ರಮ್]

ಪೆಟ್ರೋಲ್ ಎಂಜಿನ್ನನ್ನು ಗ್ಯಾಸಿಗೆ ಒಗ್ಗಿಸುವ ಕಿಟ್‌ನ ಜೀವ ಈ ಡಿಮಾಂಡ್ ರೆಗ್ಯುಲೇಟರ್, ಅಂದರೆ ಎಂಜಿನ್ ಎಳೆದಾಗ ಮಾತ್ರ ಗ್ಯಾಸ್ ಬಿಡುವ ಸಾಧನ. ಪಿಸ್ಟನ್ ಕೆಳಗಿಳಿದಾಗ ಎಂಜಿನ್ ಉಸಿರೆಳೆಯುತ್ತದೆ. ಆ ಎಳೆತಕ್ಕೆ ಈ ರಬ್ಬರ್ ಪರದೆ ಬಾಗಿ, ಸನ್ನೆಕೋಲನ್ನು ಒತ್ತಿ, ಕವಾಟ ತೆರೆಯುತ್ತದೆ. ಎಂಜಿನ್ ನಿಂತರೆ ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. ಅಡುಗೆ ಒಲೆಯ ರೆಗ್ಯುಲೇಟರ್ ಹಾಗಲ್ಲ, ಕೇಳಲಿ ಬಿಡಲಿ ಗ್ಯಾಸನ್ನು ತಳ್ಳುತ್ತಲೇ ಇರುತ್ತದೆ. ಅದರ ಪೈಪನ್ನೇ ಕಾರ್ಬ್ಯುರೇಟರಿಗೆ ಸಿಕ್ಕಿಸಿ ಜನರೇಟರ್ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಎಂಜಿನ್ ಆರಿದರೂ ಗ್ಯಾಸ್ ಹರಿಯುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೀರಿನಂತೆ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ಕಿಡಿ ಸಾಕು.

ರೆಗ್ಯುಲೇಟರಿನಿಂದ ಬಂದ ಗ್ಯಾಸ್, ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ನಡುವಿನ ಮಿಕ್ಸರಿನಲ್ಲಿ ಗಾಳಿಯೊಂದಿಗೆ ಬೆರೆಯುತ್ತದೆ. ಪೆಟ್ರೋಲ್ ಬರುವ ನಲ್ಲಿಯನ್ನು ಮುಚ್ಚಿ, ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಉಳಿದದ್ದನ್ನು ಬಸಿದುಬಿಡಿ. ಗ್ಯಾಸ್-ಗಾಳಿ ಮಿಶ್ರಣದ ತಿರುಪನ್ನು ಲೋಡ್ ಕೊಟ್ಟೇ, ಅಂದರೆ ಜನರೇಟರಿನಿಂದ ಏನಾದರೂ ಓಡಿಸುತ್ತಲೇ ಹೊಂದಿಸಬೇಕು. ಬರಿದೇ ಓಡುವಾಗ ಚೆನ್ನಾಗಿದ್ದದ್ದು ಪಂಪ್ ಹಾಕಿದೊಡನೆ ಮುಗ್ಗರಿಸಬಹುದು. ಗಾಳಿಯ ಜಾಗವನ್ನು ಗ್ಯಾಸೇ ತುಸು ತಿನ್ನುವುದರಿಂದ ಶಕ್ತಿ ಸುಮಾರು ಶೇ 10ರಷ್ಟು ಕುಗ್ಗುತ್ತದೆ. 2 ಕಿಲೋವಾಟ್ ಯಂತ್ರವನ್ನು 1.8 ಎಂದೇ ಲೆಕ್ಕ ಹಿಡಿಯಿರಿ.

ಸಿಲಿಂಡರ್ ನೆಟ್ಟಗೆ ನಿಂತಿರಲಿ. ಮಲಗಿಸಿದರೆ ಗ್ಯಾಸಿನ ಬದಲು ಒಳಗಿನ ದ್ರವವೇ ಹೊರಬರುತ್ತದೆ. ಬಹಳ ಹೊತ್ತು ಓಡಿದರೆ ಸಿಲಿಂಡರಿನ ಹೊರಮೈ ತಣ್ಣಗಾಗಿ ಬೆವರುತ್ತದೆ, ಒತ್ತಡ ಇಳಿಯುತ್ತದೆ. ಅದನ್ನು ಬೆಂಕಿಯಿಂದ ಬಿಸಿ ಮಾಡಲೇಬೇಡಿ. ಇನ್ನು, ಮನೆಯ 14.2 ಕೆ.ಜಿ. ಸಿಲಿಂಡರ್ ಇರುವುದು ಅಡುಗೆಗೆ, ಜನರೇಟರಿಗೆ ಬಳಸುವಂತಿಲ್ಲ. 19 ಕೆ.ಜಿ.ಯ ವಾಣಿಜ್ಯ ಸಂಪರ್ಕ ಪಡೆಯಿರಿ. ಗ್ಯಾಸಿನ ಹೊಗೆ ಕಣ್ಣಿಗೆ ಕಾಣದಿದ್ದರೂ ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಜಗಲಿಯಲ್ಲೂ ಬೇಡ, ಕೊಟ್ಟಿಗೆಯಲ್ಲೂ ಬೇಡ. ಮನೆಯಿಂದ ದೂರ, ಬಯಲಿನಲ್ಲಿ, ಮಳೆ ತಾಗದಂತೆ ಇಡಿ.

[ದೃಶ್ಯ: ಕುಂಚದಿಂದ ಸೋಪಿನ ನೀರು ಹಚ್ಚುವುದು]

ಕಿಟ್ ಕೂರಿಸಿದ ಮೇಲೆ ಮಾಡುವ ಮೊದಲ ಪರೀಕ್ಷೆ ಇದು. ಎಂಜಿನ್ ನಿಂತಿದೆ, ಸಿಲಿಂಡರ್ ತೆರೆದಿದೆ. ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿದೆ. ನಂತರ ಮಿಕ್ಸರ್ ಕಡೆಯ ಪೈಪ್ ಬಿಚ್ಚಿ, ಅದರ ಬಾಯಿಗೂ ಹಚ್ಚಿದೆ. ಒಂದೂ ಗುಳ್ಳೆ ಏಳಲಿಲ್ಲ. ಪೈಪ್ ಮತ್ತೆ ಬಿಗಿದೆ. ಈಗ ಹಗ್ಗ ಎಳೆಯುತ್ತೇನೆ.