ಮಾಸ್ಟೊಡಾನ್ ದುಡ್ಡು ಕೊಡಲ್ಲ, ದುಡ್ಡಿನ ಬಾಗಿಲು ನೀವೇ ಕಟ್ಟಬೇಕು

ನಮಸ್ಕಾರ. ಮಾಸ್ಟೊಡಾನ್ ಅಂದ್ರೆ ಬೇರೆ ಬೇರೆಯವರು ನಡೆಸೋ ಸರ್ವರ್‌ಗಳು ಸೇರಿ ಆದ ಸಾಮಾಜಿಕ ಜಾಲ. ಅಲ್ಲಿ ನಿಮ್ಮ ಚಿತ್ರವನ್ನು ಲಕ್ಷ ಜನ ನೋಡಿದರೂ ಆ ಜಾಲ ನಿಮಗೆ ಒಂದು ರೂಪಾಯಿ ಕೊಡಲ್ಲ. ಅಲ್ಲಿ ಜಾಹೀರಾತಿನ ವ್ಯವಸ್ಥೆಯೇ ಇಲ್ಲ, ಹಂಚೋಕೆ ಆದಾಯ ಎಲ್ಲಿಂದ ಬರಬೇಕು? ಆದರೂ ಚಿತ್ರ ಬಿಡಿಸುವವರು, ಹಾಡುವವರು, ಕಾಮಿಕ್ಸ್ ಮಾಡುವವರು ಅಲ್ಲಿರಬೇಕು ಅಂತ ನಾವು ಹೇಳ್ತೀವಿ. ಯಾಕಂದ್ರೆ ನಿಮ್ಮನ್ನು ಫಾಲೋ ಮಾಡಿದವರ ಹೋಮ್ ಟೈಮ್‌ಲೈನ್‌ಗೆ ನಿಮ್ಮ ಪೋಸ್ಟ್ ಬಂದ ಹೊತ್ತಿಗೆ ಬಂದ ಹಾಗೇ ತಲುಪುತ್ತೆ, ನಡುವೆ ಯಾವ ಅಲ್ಗಾರಿದಮ್ಮೂ ಕಾವಲು ಕೂತಿಲ್ಲ. ಆ ಜನರನ್ನು ದುಡ್ಡಿನ ಬಾಗಿಲ ತನಕ ಕರ್ಕೊಂಡು ಬರೋದು ಮಾತ್ರ ನಿಮ್ಮ ಕೆಲಸ.

ಬಾಗಿಲು ಇರಬೇಕಾದ್ದು ನಿಮ್ಮದೇ ಡೊಮೈನ್‌ನಲ್ಲಿ, ಅಂದ್ರೆ ನಿಮ್ಮ ಸ್ವಂತ ವೆಬ್ ವಿಳಾಸದಲ್ಲಿ. ಒಂದೇ ಪುಟ ಸಾಕು: ನಾಲ್ಕು ಒಳ್ಳೆ ಕೆಲಸ, ದರ, ದುಡ್ಡು ಕಳಿಸೋ ದಾರಿ. ಈಗ ಪರದೆ ಮೇಲೆ ನೋಡಿ, ಪ್ರೊಫೈಲ್ ತಿದ್ದೋ ಜಾಗದಲ್ಲಿ ನಾಲ್ಕು ಖಾನೆಗಳಿವೆ. ಮೊದಲನೆಯದರಲ್ಲಿ ಆ ಪುಟದ ವಿಳಾಸ ಹಾಕಿ. ಪುಟದಿಂದ ನಿಮ್ಮ ಮಾಸ್ಟೊಡಾನ್ ಪ್ರೊಫೈಲ್‌ಗೆ ವಾಪಸ್ ಒಂದು ಲಿಂಕ್ ಕೊಟ್ಟು, ಆ ಲಿಂಕಿನ ಕೋಡ್‌ನಲ್ಲಿ 'ರೆಲ್ ಈಕ್ವಲ್ಸ್ ಮಿ' (rel="me") ಅನ್ನೋ ಗುರುತು ಸೇರಿಸಿ. ಆಗ ವಿಳಾಸದ ಪಕ್ಕ ಹಸಿರು ಟಿಕ್ ಬರುತ್ತೆ. ಬರಲಿಲ್ಲ ಅಂದ್ರೆ ಹೆಚ್ಚಿನ ಸಲ ತಪ್ಪು ಇಷ್ಟೇ: ಪ್ರೊಫೈಲ್ ಮೊದಲು ಸೇವ್ ಆಗಿದೆ, ವಾಪಸ್ ಲಿಂಕ್ ಆಮೇಲೆ ಹಾಕಿದ್ದೀರಿ. ಪರಿಶೀಲನೆ ನಡೆಯೋದು ಸೇವ್ ಮಾಡಿದಾಗ, ಹಾಗಾಗಿ ಇನ್ನೊಮ್ಮೆ ಸೇವ್ ಒತ್ತಿ. ನಿಮ್ಮ ಹೆಸರಲ್ಲಿ ನಕಲಿ ಖಾತೆ ತೆರೆದು ದುಡ್ಡು ಕೇಳುವವರಿಗೆ ನಿಮ್ಮ ಪುಟದ ವಿಳಾಸದ ಪಕ್ಕ ಈ ಟಿಕ್ ಸಿಗಲ್ಲ.

ಇನ್ನು ದುಡ್ಡಿನ ದಾರಿ. ಬಹಳ ಜನ ಎಡವೋದು ಇಲ್ಲೇ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಪೇಪಾಲ್ ನಂಬಿದ ಟಿಪ್ ಲಿಂಕ್ ಒಂದನ್ನೇ ಹಾಕಿದ್ರೆ ಕ್ಯಾಲಿಫೋರ್ನಿಯಾದ ಕನ್ನಡಿಗರು ನಿಮಗೆ ದುಡ್ಡು ಕಳಿಸಬಹುದು, ಹುಬ್ಬಳ್ಳಿಯ ಓದುಗರು ಕಳಿಸೋಕಾಗಲ್ಲ. ಅದಕ್ಕೇ ಎರಡು ಬಾಗಿಲು: ಹೊರದೇಶಕ್ಕೆ ಒಂದು, ಊರಿನವರಿಗೆ ಯುಪಿಐ.

ಯುಪಿಐ ಐಡಿಯಲ್ಲಿ ಫೋನ್ ನಂಬರ್ ಇರದಂತೆ ನೋಡ್ಕೊಳ್ಳಿ, ಇದಕ್ಕೇ ಅಂತ ಬೇರೆ ಐಡಿ ಮಾಡಿ. ಕಾವ್ಯನಾಮದಲ್ಲಿ ಬರೆಯುವವರು ಇನ್ನೊಂದು ವಿಷಯ ತಿಳ್ಕೊಂಡಿರಿ, ದುಡ್ಡು ಕಳಿಸುವವರಿಗೆ ನಿಮ್ಮ ಬ್ಯಾಂಕ್ ಖಾತೆಯ ಹೆಸರು ಕಾಣುತ್ತೆ. ನೇರ ಯುಪಿಐನಲ್ಲಿ ಶುಲ್ಕ ಇಲ್ಲ, ಆದರೆ ಜನ ಮುಂದಿನ ತಿಂಗಳು ಮರೀತಾರೆ. ತಿಂಗಳು ತಿಂಗಳು ಬರಬೇಕಂದ್ರೆ ಪೇಮೆಂಟ್ ಗೇಟ್‌ವೇ, ಅಂದ್ರೆ ಆನ್‌ಲೈನ್ ಪಾವತಿ ವಸೂಲಿ ಮಾಡಿಕೊಡೋ ಸಂಸ್ಥೆ, ಅದರ ಮೂಲಕ ಆಟೋಪೇ ಇಡಿ; ಒಮ್ಮೆ ಒಪ್ಪಿದವರ ಖಾತೆಯಿಂದ ಕಂತು ತಾನಾಗೇ ಬರುತ್ತೆ. 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಪಿನ್ ಕೇಳಲ್ಲ. ಗೇಟ್‌ವೇ ಶುಲ್ಕ 2%, ಅದರ ಮೇಲೆ 18% ಜಿಎಸ್‌ಟಿ ಅಂತ ಲೆಕ್ಕ ಹಾಕಿ: ನೂರು ಜನ ನೂರು ನೂರು ಕೊಟ್ಟರೆ 10,000ದಲ್ಲಿ 236 ಹೋಗಿ 9,764 ಕೈಗೆ ಬರುತ್ತೆ. ನಮ್ಮ ಪ್ರಕಾರ ಆ 236 ರೂಪಾಯಿ ದಂಡವಲ್ಲ, ನೂರು ಜನಕ್ಕೆ ನೆನಪು ಮಾಡೋ ಕೆಲಸದ ಕೂಲಿ.

ವ್ಯಂಗ್ಯಚಿತ್ರಕಾರರಿಗೆ, ಅಂಕಣಕಾರರಿಗೆ ಒಂದು ಮಾತು, ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ವಿದೇಶಿ ದೇಣಿಗೆ ನಿಯಂತ್ರಣದ 2010ರ ಕಾಯ್ದೆ ಪ್ರಕಾರ ನೋಂದಾಯಿತ ಪತ್ರಿಕೆಯ ವ್ಯಂಗ್ಯಚಿತ್ರಕಾರರು, ಅಂಕಣಕಾರರು ವಿದೇಶಿಯರಿಂದ ದೇಣಿಗೆ ತಗೊಳ್ಳೋ ಹಾಗಿಲ್ಲ. ಮಾಡಿಕೊಟ್ಟ ಕೆಲಸಕ್ಕೆ ಬರೋ ಸಂಭಾವನೆ ಬೇರೆ. ಅಂಥವರು 'ಡೊನೇಟ್' ಬಟನ್ ಇಡೋದೇ ಬೇಡ. ಕೆಲಸದ ಬೆಲೆ ಬರೆದು, ಬಿಲ್ ಕೊಟ್ಟು, ಬಿಲ್ಲಿನ ಪ್ರತಿ ಇಟ್ಟುಕೊಂಡು, ಒಂದು ಸಲ ಲೆಕ್ಕಪರಿಶೋಧಕರನ್ನು ಕೇಳಿ.

ಪೋಸ್ಟ್ ಬರೆಯುವಾಗ 500 ಅಕ್ಷರ ಸಿಗುತ್ತೆ, ಲಿಂಕ್ ಎಷ್ಟೇ ಉದ್ದ ಇದ್ದರೂ 23 ಅಂತಲೇ ಲೆಕ್ಕ. ಮೊದಲ ಸಾಲಲ್ಲಿ ಕೆಲಸದ ಬಗ್ಗೆ ಹೇಳಿ: "ಎ4 ಅಳತೆಯ ಜಲವರ್ಣ, ಮಳೆ ನಿಂತ ಮೇಲಿನ ಅಡಿಕೆ ತೋಟ." ಬೆಲೆ ಎರಡನೇ ಸಾಲಲ್ಲಿ, ಲಿಂಕ್ ಕೊನೆಗೆ. ಅಲ್ಲಿನ ಹುಡುಕಾಟದಲ್ಲಿ ಒಪ್ಪಿಗೆ ಕೊಟ್ಟವರ ಪೋಸ್ಟ್ ಮಾತ್ರ ಸಿಗೋದರಿಂದ ಹ್ಯಾಶ್‌ಟ್ಯಾಗ್ ಹಾಕದ ಕೆಲಸ ಹೊಸಬರ ಕಣ್ಣಿಗೆ ಬೀಳೋದು ಕಷ್ಟ. ಕನ್ನಡದ್ದೊಂದು, ಇಂಗ್ಲಿಷಿನವು ಎರಡು ಹಾಕಿ. ಚಿತ್ರಕ್ಕೆ ವಿವರಣೆ ಬರೀರಿ, 1,500 ಅಕ್ಷರದವರೆಗೆ ಜಾಗ ಇದೆ. ವಿವರಣೆ ಇಲ್ಲದ ಚಿತ್ರವನ್ನು ಬೂಸ್ಟ್ ಮಾಡದವರು, ಅಂದ್ರೆ ತಮ್ಮ ಫಾಲೋವರ್‌ಗಳಿಗೆ ಹಂಚದವರು, ಅಲ್ಲಿ ತುಂಬಾ ಜನ, ಕಣ್ಣು ಕಾಣದ ಓದುಗರಿಗೂ ನಿಮ್ಮ ಚಿತ್ರ ತಲುಪಬೇಕಲ್ವಾ. ವಿಡಿಯೋ ಮಾಡುವವರು ಪೀರ್‌ಟ್ಯೂಬ್ ನೋಡಿ, ಅದು ಮಾಸ್ಟೊಡಾನ್ ಥರದ್ದೇ ವಿಡಿಯೋ ಜಾಲ. ಅಲ್ಲಿ ವಿಡಿಯೋ ಕೆಳಗೇ 'ಸಪೋರ್ಟ್' ಬಟನ್ ಇದೆ, ಒಳಗಿನ ಮಾತು, ಲಿಂಕ್ ಎಲ್ಲ ನೀವೇ ಬರೆದದ್ದು.

ನೋಸ್ಟರ್ ಅನ್ನೋ ಇನ್ನೊಂದು ಸಾಮಾಜಿಕ ಜಾಲದಲ್ಲಿ 'ಜ್ಯಾಪ್' ಅಂತ ಬಿಟ್‌ಕಾಯಿನ್ ಚಿಲ್ಲರೆ ನೇರವಾಗಿ ಬರುತ್ತೆ. ಆದರೆ ನಮ್ಮಲ್ಲಿ ಕ್ರಿಪ್ಟೊ ಮಾರಿದ ಲಾಭಕ್ಕೆ 30% ತೆರಿಗೆ ಇದೆ, ವರ್ಗಾವಣೆಗೆ 1% ಟಿಡಿಎಸ್ ಇದೆ. ಅಲ್ಲಿ ಪಾಸ್‌ವರ್ಡ್ ಥರ ಇರೋ ಖಾಸಗಿ ಕೀ ಕಳೆದುಹೋದ್ರೆ ವಾಪಸ್ ಕೊಡುವವರು ಯಾರೂ ಇಲ್ಲ. ಹೊಟ್ಟೆಪಾಡಿಗೆ ಇದನ್ನು ನಂಬಬೇಡಿ.

ಕೊನೆಗೆ ಸರ್ವರ್ ವಿಚಾರ. ಮಾಸ್ಟೊಡಾನ್ ಡಾಟ್ ಲೋಲ್ ಅನ್ನೋ ಸರ್ವರ್ 2023ರಲ್ಲಿ ಮುಚ್ಚಿತು. ಮೊದಲೇ ತಿಳಿಸಿದ್ದರಿಂದ ಜನಕ್ಕೆ ಬೇರೆ ಕಡೆ ಹೋಗೋಕೆ ಸಮಯ ಸಿಕ್ಕಿತು. ನೀವೂ ಹಾಗೆ ಹೋಗಬೇಕಾಗಿ ಬಂದ್ರೆ, ಹೊಸ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹಳೇ ವಿಳಾಸವನ್ನು ಅಲಿಯಾಸ್ ಮಾಡಿ, ಅಂದ್ರೆ ಅದೂ ನಿಮ್ಮದೇ ಅಂತ ನಮೂದಿಸಿ, ಆಮೇಲೆ ಹಳೇ ಖಾತೆಯಿಂದ 'ಮೂವ್' ಕೊಡಿ. ಫಾಲೋವರ್‌ಗಳು ಹೊಸ ಖಾತೆಗೆ ಬರ್ತಾರೆ, ಪೋಸ್ಟ್‌ಗಳು ಬರಲ್ಲ. ಹಳೇ ಸರ್ವರ್ ನಿಂತೇ ಹೋಗಿದ್ರೆ ಫಾಲೋವರ್‌ಗಳೂ ಬರಲ್ಲ. ಪೋಸ್ಟ್‌ಗಳ ಆರ್ಕೈವ್, ಅಂದ್ರೆ ಎಲ್ಲ ಪೋಸ್ಟ್‌ಗಳ ಪ್ರತಿ, 7 ದಿನಕ್ಕೊಮ್ಮೆ ತೆಗೆಸಬಹುದು. ಸೆಟ್ಟಿಂಗ್ಸ್‌ನಲ್ಲಿ ಆಮದು-ರಫ್ತು ವಿಭಾಗ ತೆರೆದು ಮೊದಲ ಪ್ರತಿಯನ್ನು ಇವತ್ತೇ ಇಳಿಸ್ಕೊಳ್ಳಿ.