ಬಿಡದ ತುರಿಕೆಯನ್ನು ಪರೀಕ್ಷಿಸಿಕೊಳ್ಳಿ

ಕೊಡಗಿನ ಕೇಳುಗರಿಗೆ ನಮಸ್ಕಾರ. ಎಚ್‌ಐವಿಯೊಂದಿಗೆ ಬದುಕುತ್ತಿರುವ ಮಹಿಳೆಯರು ವೈದ್ಯರ ಮುಂದೆಯೂ ಹೇಳಿಕೊಳ್ಳಲು ಸಂಕೋಚಪಡುವ ಒಂದು ತೊಂದರೆಯ ಬಗ್ಗೆ ಇಂದು ಮಾತನಾಡುತ್ತೇನೆ. ಯೋನಿಯ ಹೊರಭಾಗದ ಚರ್ಮದಲ್ಲಿ ಬಿಡದೆ ಕಾಡುವ ತುರಿಕೆ, ಉರಿ, ಬಿಳಿ, ಕೆಂಪು ಅಥವಾ ಕಂದು ಬಣ್ಣದ ಉಬ್ಬಿದ ಮಚ್ಚೆ, ಮಾಯದ ಹುಣ್ಣು ಇವು ಕೆಲವೊಮ್ಮೆ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯ ಲಕ್ಷಣಗಳಾಗಿರುತ್ತವೆ. ತುರಿಕೆಗೆ ಬೇರೆ ಸಾಮಾನ್ಯ ಕಾರಣಗಳೂ ಇವೆ, ನಿಜ. ಆದರೂ ಔಷಧಿ ಅಂಗಡಿಯ ಮುಲಾಮು ಹಚ್ಚಿಕೊಂಡು ಕಾಫಿ ಕೊಯ್ಲು ಮುಗಿಯಲಿ ಎಂದು ಕಾಯುವುದು ಸರಿಯಲ್ಲ.

ಕ್ಯಾನ್ಸರ್‌ಗೆ ಮುಂಚಿನ ಈ ಬದಲಾವಣೆಗೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಸ್, ಅದರಲ್ಲೂ ಹೆಚ್ಚಾಗಿ ಅದರ 16ನೇ ಬಗೆ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ದೇಹಕ್ಕೆ ಈ ವೈರಸ್ಸನ್ನು ಹೊರದೂಡುವುದು ಕಷ್ಟವಾಗುವುದರಿಂದ, ಮಚ್ಚೆಗಳು ಒಂದೇ ಕಡೆ ನಿಲ್ಲದೆ ಹಲವೆಡೆ ಕಾಣಿಸಿಕೊಳ್ಳುತ್ತವೆ, ತೆಗೆದ ಮೇಲೂ ಮರುಕಳಿಸುತ್ತವೆ.

ಕಣ್ಣಿಗೆ ಕಂಡದ್ದರಿಂದಲೇ ತೀರ್ಮಾನಿಸಲಾಗದು. ಆ ಜಾಗವನ್ನು ಮರಗಟ್ಟಿಸಿ ಚರ್ಮದ ಸಣ್ಣ ತುಣುಕನ್ನು ತೆಗೆದು ಬಯಾಪ್ಸಿ, ಅಂದರೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ, ಮಾಡಬೇಕು. ಕ್ಯಾನ್ಸರ್ ಆಗಲೇ ಶುರುವಾಗಿರಬಹುದೆಂಬ ಅನುಮಾನವಿದ್ದರೆ ಮಚ್ಚೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೇ ಸೂಕ್ತ, ಏಕೆಂದರೆ ತೆಗೆದ ಭಾಗವನ್ನು ಪೂರ್ತಿಯಾಗಿ ಪರೀಕ್ಷಿಸಬಹುದು. ಲೇಸರ್ ಕಿರಣದ ಚಿಕಿತ್ಸೆಯಲ್ಲಿ ಅಂಗಾಂಶ ಸುಟ್ಟುಹೋಗುವುದರಿಂದ ಆ ಅವಕಾಶವಿಲ್ಲ. ಆದರೆ ಅಂಗದ ರೂಪ ಹೆಚ್ಚು ಕೆಡದು. ಹಿಂದೆ ಇಡೀ ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದ ಕಾಲವಿತ್ತು, ಆ ಭಯ ಇಂದು ಬೇಡ. ಇಮಿಕ್ವಿಮೋಡ್ ಎಂಬ ಶೇ. 5ರ ಮುಲಾಮು ಆ ಜಾಗದ ಪ್ರತಿರೋಧವನ್ನೇ ಎಚ್ಚರಿಸುತ್ತದೆ. ಇದನ್ನು ಸಾಮಾನ್ಯವಾಗಿ ವಾರಕ್ಕೆ ಕೆಲವು ರಾತ್ರಿಗಳಂತೆ, ಸುಮಾರು 16 ವಾರಗಳವರೆಗೆ ಹಚ್ಚುತ್ತಾರೆ. ಕೆಂಪಾಗುವುದು, ಉರಿಯುವುದು ನಿರೀಕ್ಷಿತವೇ. ಸಹಿಸಲಾಗದಿದ್ದರೆ ತಾವಾಗಿ ಬಿಟ್ಟುಬಿಡದೆ ವೈದ್ಯರನ್ನು ಕೇಳಿ ಕೆಲವು ದಿನ ನಿಲ್ಲಿಸಬಹುದು. ರೋಗದ ವಿರುದ್ಧ ಹೋರಾಡುವ ರಕ್ತದ ಸಿಡಿ4 ಕಣಗಳು ತೀರ ಕಡಿಮೆಯಿದ್ದಾಗ ಇದರ ಫಲವೂ ಕುಂದಬಹುದು. ಹಾಗಾಗಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಬಾರದು. ಬೀಡಿ, ಸಿಗರೇಟು ಬಿಟ್ಟರೆ ಒಳ್ಳೆಯದು, ಏಕೆಂದರೆ ಧೂಮಪಾನ ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆ.

ಚಿಕಿತ್ಸೆಯ ನಂತರ ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಮುಂದೆ ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಬೇಕು. ಅದೇ ವೈರಸ್ ಗರ್ಭಕಂಠವನ್ನೂ ಗುದದ್ವಾರವನ್ನೂ ಬಾಧಿಸುವುದರಿಂದ ಅಲ್ಲಿನ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಸೋಮವಾರಪೇಟೆ, ವಿರಾಜಪೇಟೆ, ಪೊನ್ನಂಪೇಟೆಯ ತೋಟಗಳ ಲೈನ್‌ಮನೆಗಳಲ್ಲಿರುವ ಸಹೋದರಿಯರೇ, ಮಾತ್ರೆ ತರಲು ಎಆರ್‌ಟಿ ಕೇಂದ್ರಕ್ಕೆ ಹೋದ ದಿನವೇ ಅಲ್ಲಿನ ಆಪ್ತಸಮಾಲೋಚಕರಿಗೆ ಈ ವಿಷಯ ತಿಳಿಸಿ, ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. 2017ರ ಎಚ್‌ಐವಿ ಕಾಯ್ದೆಯಂತೆ ನಿಮ್ಮ ಸೋಂಕಿನ ವಿಷಯವನ್ನು ಗೋಪ್ಯವಾಗಿಡುವುದು ಅವರ ಹೊಣೆ. ನಮಸ್ಕಾರ.