ಊರಲ್ಲೇ ಉಳಿದವರು

ನಮಸ್ಕಾರ. ಒಂದು ಫೋಟೋದಿಂದ ಮಾತು ಶುರು ಮಾಡುತ್ತೇನೆ.

ಶಾಂಘೈ ವಿಮಾನ ನಿಲ್ದಾಣ. ಮೂವರು ಅಕ್ಕತಂಗಿಯರು ಒಂದು ಪೊಲರಾಯ್ಡ್ ಫೋಟೋ ನೋಡುತ್ತಾ ನಿಂತಿದ್ದಾರೆ. ಬಣ್ಣ ನಿಧಾನವಾಗಿ ಮೂಡುತ್ತಿದೆ. ಯಾರ ಬಾಯಲ್ಲೂ ಮಾತಿಲ್ಲ. ಮೂವರ ಮುಖ ಸೇರಿದರೆ, ತೀರಿಕೊಂಡ ಅಮ್ಮನದೇ ಮುಖ!

ಏಮಿ ಟಾನ್ ಬರೆದ 'ದಿ ಜಾಯ್ ಲಕ್ ಕ್ಲಬ್' ಮುಗಿಯುವುದು ಹೀಗೆ. 1989ರ ಕಾದಂಬರಿ. ತಂಗಿ ಜಿಂಗ್-ಮೇ ಅಮೆರಿಕದಲ್ಲಿ ಬೆಳೆದವಳು, ಅಕ್ಕಂದಿರನ್ನು ನೋಡಲು ಅಮ್ಮನ ನಾಡಾದ ಚೀನಾಕ್ಕೆ ಬಂದವಳು. 15ನೇ ವಯಸ್ಸಿನಲ್ಲಿ, ತನ್ನೊಳಗೆ ಚೀನಾದ್ದು ಏನೂ ಇಲ್ಲ ಎಂದು ಹಟ ಹಿಡಿದಿದ್ದವಳು. ಅದು ರಕ್ತದಲ್ಲೇ ಇದೆ, ಮುಂದೆ ನಿನಗೇ ಗೊತ್ತಾಗುತ್ತೆ ಅಂದಿದ್ದಳು ಅಮ್ಮ. ಆ ಪುಟ ಓದುವಾಗ ನನ್ನ ಕಣ್ಣು ತುಂಬಿತ್ತು.

ಆದರೆ ತಾಯ್ನಾಡಿಗೆ ಮರಳುವುದು ಅಷ್ಟು ಸಲೀಸಾ?

ನೈಜೀರಿಯಾದ ಚಿಮಮಾಂಡ ಅಡೀಚಿ ಅವರ ಕಾದಂಬರಿ 'ಅಮೆರಿಕಾನಾ' 2013ರಲ್ಲಿ ಬಂತು. ಆ ಹೆಸರನ್ನೇ ನೋಡಿ. ಅಮೆರಿಕಕ್ಕೆ ಹೋಗಿ ಬಂದು ಅಲ್ಲಿನ ನಡೆನುಡಿ ತೋರಿಸುವವರನ್ನು ನೈಜೀರಿಯಾದವರು ಛೇಡಿಸುವ ಪದ ಅದು. ನಾಯಕಿ ಇಫೆಮೆಲುವಿಗೆ ತಾನು ಕಪ್ಪು ಹೆಂಗಸು ಎಂದು ಗೊತ್ತಾದದ್ದೇ ಅಮೆರಿಕದಲ್ಲಿ. ನೈಜೀರಿಯಾದ ನಗರ ಲಾಗೋಸ್‌ಗೆ ವಾಪಸ್ ಬಂದಳು, ಆ ಹಣೆಪಟ್ಟಿ ಕಳಚಿತು. ಗೆಳತಿ ಹೊಸದೊಂದು ಅಂಟಿಸಿದಳು, ಅಮೆರಿಕಾನಾ! ವಿದೇಶದಿಂದ ಮರಳಿದವರ ಕೂಟವೂ ಅಲ್ಲುಂಟು. ಇಲ್ಲಿ ಅದು ಸಿಗಲ್ಲ, ಇದು ಸಿಗಲ್ಲ ಎಂಬ ಗೊಣಗಾಟವೇ ಜಾಸ್ತಿ. ತಾನೂ ಹಾಗೇ ಯೋಚಿಸುತ್ತಿದ್ದೇನೆ ಎಂದು ಇಫೆಮೆಲುವಿಗೆ ಹೊಳೆದಾಗ ಅವಳಿಗೇ ಕಸಿವಿಸಿ.

ಅದೇ ವರ್ಷ ಜಿಂಬಾಬ್ವೆಯ ನೋವಯೊಲೆಟ್ ಬುಲವಾಯೊ ಬರೆದ 'ವಿ ನೀಡ್ ನ್ಯೂ ನೇಮ್ಸ್' ಬಂತು. ಅದರಲ್ಲಿ ಅಮೆರಿಕಕ್ಕೆ ಹೋದ ಡಾರ್ಲಿಂಗ್ ಎಂಬ ಹುಡುಗಿ ಮರಳುವುದೇ ಇಲ್ಲ. ವೀಸಾ ಮುಗಿದಿದೆ. ಹೋದರೆ ಅಮೆರಿಕಕ್ಕೆ ಮತ್ತೆ ಬರುವ ಹಾಗಿಲ್ಲ. ಅವಳು ಕಂಪ್ಯೂಟರಿನಲ್ಲಿ, ಊರಲ್ಲೇ ಉಳಿದ ಬಾಲ್ಯದ ಗೆಳತಿ ಚಿಪೋ ಜೊತೆ ಮಾತಿಗೆ ಕೂರುತ್ತಾಳೆ. ನಮ್ಮ ದೇಶ ಅನ್ನುತ್ತಾಳೆ. ಚಿಪೋ ತಡೆಯುತ್ತಾಳೆ. ಮನೆಗೆ ಬೆಂಕಿ ಬಿದ್ದರೆ ನೀರು ಹುಡುಕುತ್ತೀಯಾ, ಬಿಟ್ಟು ಓಡುತ್ತೀಯಾ? ಬಿಟ್ಟು ಹೋದ ಮೇಲೆ ಅದು ನಿನ್ನದು ಹೇಗಾಗುತ್ತೆ? ಡಾರ್ಲಿಂಗ್ ಸಿಟ್ಟಿಗೆದ್ದು ಕಂಪ್ಯೂಟರನ್ನೇ ಎತ್ತಿ ಎಸೆಯುತ್ತಾಳೆ. ಅವಳನ್ನು ಕಂಡು ಅಯ್ಯೋ ಅನ್ನಿಸಿತು. ಚಿಪೋ ಕೇಳಿದ್ದರಲ್ಲೂ ತಪ್ಪು ಕಾಣಲಿಲ್ಲ. ವಲಸೆಯ ಕಥೆ ಹೇಳುವವರು ಹೆಚ್ಚಾಗಿ ಹೋದವರೇ ಅಲ್ವಾ? ಊರಲ್ಲೇ ಉಳಿದವರು ಬಾಯಿ ಬಿಟ್ಟಾಗ ಕಥೆಗೆ ಬೇರೆಯೇ ಬಲ ಬರುತ್ತದೆ.

ಹಾಗಾಗಿ ಈಗ ಆ ಪೊಲರಾಯ್ಡ್ ನೆನಪಾದರೆ ನನ್ನ ಗಮನ ಅಕ್ಕಂದಿರ ಕಡೆ ಹೋಗುತ್ತದೆ. ಅವರು ಅವಳಿಗಳು. ಯುದ್ಧದ ಕಾಲದಲ್ಲಿ ಅಮ್ಮ ದಾರಿಬದಿಯಲ್ಲಿ ಬಿಟ್ಟುಹೋದ ಕೂಸುಗಳು. ಅವರ ಕಥೆಯನ್ನು ಜಿಂಗ್-ಮೇಗೆ ಹೇಳುವುದು ಅವಳ ಅಪ್ಪ. ಅಕ್ಕಂದಿರ ಬಾಯಿಂದ ನಮಗೆ ಕೇಳಿಸುವುದು ಅಮ್ಮಾ, ಅಮ್ಮಾ ಎಂಬ ಪಿಸುಮಾತು. ವಿಮಾನ ನಿಲ್ದಾಣದಿಂದ ಮನೆಗೆ ಹೋದ ಮೇಲೆ, ಆ ರಾತ್ರಿ, ತಂಗಿಯನ್ನು ಅವರು ಏನು ಕೇಳಿದರೋ?